ನಿದ್ದೆ ಬಾರದ ಮದ್ದು

ವಿಜೇತಾ ಮಗಳ ಎಡಗಡೆಯ ಜಡೆ ಮುಗಿಸಿ ಬಲಗಡೆಯ ಕೂದಲಿಗೆ ಬಾಚಣಿಗೆ ಹಾಕಿದ್ದಳಷ್ಟೇ, ಅಂಗಳದಲ್ಲಿ ಸ್ಕೂಟರ್ ಬಂದು ನಿಂತಿತು. ಬೆಳಗ್ಗೆ ಏಳೂವರೆಗೆ ಹೋಟೆಲಿನಲ್ಲಿ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದ ಗಂಡ ಮನೆಗೆ ಬಂದಿದ್ದಾನೆಂದರೆ ಸಣ್ಣ ಸಂಗತಿಯಲ್ಲ. ಜಿತೇಶ್ ಹೆಲ್ಮೆಟ್ ಕೂಡ ತೆಗೆಯದೆ ಚಾವಡಿಗೆ ಬಂದು ಸ್ಟೀಲಿನ ಡಬ್ಬಿಯೊಂದನ್ನು ಅವಳ ಮುಂದೆ ಹಿಡಿದ.

“ಒಂದು ತುಂಡು ತಿಂದು ನೋಡು.”

“ಈಗಲಾ? ಇವಳ ಬಸ್ಸಿಗೆ ಹೊತ್ತಾಯ್ತು.”

“ಬಸ್ಸು ಇರ್ಲಿ ಮಾರಾಯ್ತಿ. ಮೊದಲು ತಿನ್ನು.”

ಡಬ್ಬಿಯಲ್ಲಿ ಬನ್ಸ್ ಇತ್ತು. ಎಂದಿನ ಹೊಂಬಣ್ಣವಲ್ಲ, ಕಡುಕಂದು. ವಿಜೇತಾ ಒಂದು ಚೂರು ಬಾಯಿಗೆ ಹಾಕಿದಳು. ಸಾಬೂನು ಕಚ್ಚಿದ ಹಾಗಾಯಿತು.

“ಸೋಡಾ,” ಎಂದಳು.

“ಎರಡು ಸಲ ಬಿದ್ದಿದೆ. ಕಾರ್ಕಳ ಬಸ್ಸಿನ ಡ್ರೈವರ್ ಅರ್ಧ ತಿಂದು ಎದ್ದುಹೋದ. ಎಂಟು ವರ್ಷದಿಂದ ದಿನಾ ಬರುವ ಜನ. ‘ಎಂತ ಜಿತೇಶಣ್ಣ, ಕಾಂತಿಯಕ್ಕ ಊರಲ್ಲಿ ಇಲ್ವಾ?’ ಅಂತ ಕೇಳಿದ. ನಾನೆಂತ ಹೇಳುದು?”

ಬೆಳುವಾಯಿ ಪೇಟೆಯ ರಸ್ತೆ ಬದಿಯಲ್ಲಿರುವ ಅವರ ಹೋಟೆಲಿಗೆ ಆರೇ ಮೇಜು. ಇಪ್ಪತ್ತೆಂಟು ವರ್ಷದ ಹಿಂದೆ ಜಿತೇಶನ ಅಪ್ಪ ಶೇಖರ ಅದನ್ನು ಶುರು ಮಾಡಿದಾಗ ಹಲಗೆಯ ಮೇಲೆ ಒಂದು ಹೆಸರು ಬರೆಸಿದ್ದರು. ಆ ಹೆಸರು ಈಗ ಯಾರಿಗೂ ನೆನಪಿಲ್ಲ. ಜನ ಕರೆಯುವುದು ಕಾಂತಿಯಕ್ಕನ ಹೋಟೆಲು ಎಂದೇ. ಕಾಂತಿ ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅವರ ಕೆಲಸವೆಲ್ಲ ಮನೆಯಲ್ಲಿ, ಸಂಜೆ ಏಳಕ್ಕೆ. ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಳಿತ ಬಾಳೆಹಣ್ಣು ಹಿಸುಕಿ, ಸಕ್ಕರೆ, ಮೊಸರು, ಜೀರಿಗೆ, ಉಪ್ಪು, ಒಂದು ಚಿಟಿಕೆ ಸೋಡಾ ಹಾಕಿ, ಮೈದಾ ಸುರಿದು ಕಲಸಿ, ಬಟ್ಟೆ ಮುಚ್ಚಿ ಇಡುವುದು. ಅಳತೆಯೆಂಬುದಿಲ್ಲ. ಕೈಗೆ ಬಂದಷ್ಟು. ಮುಂಜಾನೆ ಜಿತೇಶ್ ಪಾತ್ರೆಯನ್ನು ಹೋಟೆಲಿಗೆ ಒಯ್ಯುತ್ತಾನೆ. ಅಲ್ಲಿ ಹುಕ್ರಪ್ಪ ಲಟ್ಟಿಸಿ ಎಣ್ಣೆಗೆ ಬಿಡುತ್ತಾರೆ. ಹಿಟ್ಟಿಗೆ ಬೇರೆಯವರು ಕೈ ಹಾಕುವುದು ಆ ಮನೆಯಲ್ಲಿ ಇಲ್ಲವೇ ಇಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ ವಿಜೇತಾ ಹಾಕಿಲ್ಲ.

ಕಾಂತಿ ಹಿತ್ತಿಲಿನಿಂದ ಬಸಳೆ ಕೊಯ್ದುಕೊಂಡು ಬಂದರು. ಮಗ ಡಬ್ಬಿ ತೋರಿಸಿದ.

“ನಾನು ಒಂದೇ ಸಲ ಹಾಕಿದ್ದು,” ಎಂದರು.

“ಹಾಗಾದ್ರೆ ಇದೆಂತ ಅಮ್ಮ?”

“ಹುಕ್ರಪ್ಪ ಹಾಕಿರ್ಬೇಕು.”

“ಹುಕ್ರಪ್ಪ ನಿನ್ನ ಹಿಟ್ಟಿಗೆ ಸೋಡಾ ಹಾಕುವ ಜನವಾ? ಪಾತ್ರೆಯ ಬಟ್ಟೆ ತೆಗೆಯುವಾಗ ಚಪ್ಪಲಿ ಕಳಚುವವರು ಅವರು.”

ಕಾಂತಿ ಉತ್ತರ ಕೊಡಲು ಬಾಯಿ ತೆರೆದರು. ಸೀನು ಬಂತು. ಒಂದರ ಹಿಂದೆ ಒಂದು, ಐದು. “ಈ ರಸ್ತೆಯ ಧೂಳು,” ಎಂದು ಮೂಗು ಒರೆಸಿಕೊಂಡು ಒಳಗೆ ಹೋದರು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಂದಿನಿಂದ ಬೆಳುವಾಯಿಯ ಎಲೆಯೆಲೆಯೂ ಕೆಂಪಾಗಿತ್ತು. ಮೈದಾದ ಧೂಳಿಗೆ ಕಾಂತಿ ಮೊದಲಿನಿಂದಲೂ ಸೀನುವವರೇ. ಅದಕ್ಕೆಂದು ಎಷ್ಟೋ ವರ್ಷದಿಂದ ಮಲಗುವಾಗ ಒಂದು ಸಣ್ಣ ಮಾತ್ರೆ ನುಂಗುವುದು ಮನೆಯವರಿಗೆಲ್ಲ ಗೊತ್ತು.

ವಿಜೇತಾ ಮತ್ತೆ ಬಾಚಣಿಗೆ ಎತ್ತಿಕೊಂಡಾಗ ಪ್ರಾಪ್ತಿ ಒಂದೇ ಜಡೆಯಲ್ಲಿ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು.

“ನೋಡಿ, ಇದೊಂದು,” ಎಂದಳು ಗಂಡನಿಗೆ.

“ಟಿವಿ ನೋಡಿ ತಡ ಮಾಡಿರ್ಬೇಕು.”

“ಎಂಟೂವರೆಗೆ ಮಲಗಿದ್ದಾಳೆ.”

ಐದನೇ ತರಗತಿಯ ಪ್ರಾಪ್ತಿಗೂ ಅಜ್ಜಿಯ ಮೂಗೇ ಬಂದಿತ್ತು. ದೀಪಾವಳಿ ಕಳೆದ ಮೇಲೆ ಬೆಳಗಾದರೆ ಸೀನು, ಕಣ್ಣು ಕೆಂಪು, ಮೊಣಕೈಯಲ್ಲಿ ತುರಿಕೆಯ ದದ್ದು. ಕಾಂತಿ ತಮ್ಮ ಮಾತ್ರೆಯನ್ನೇ ಅರ್ಧ ಮಾಡಿ ಶಾಲೆಗೆ ಹೊರಡುವ ಮುಂಚೆ ಕೊಡುತ್ತಿದ್ದರು. ವಿಜೇತಾ ಬೇಡ ಎನ್ನಲಿಲ್ಲ. ಸೀನು ನಿಲ್ಲುತ್ತಿತ್ತಲ್ಲ. ಆದರೆ ಆ ಶುಕ್ರವಾರ ಪ್ರಾಪ್ತಿಯ ಡೈರಿಯಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದಿದ್ದರು: ‘ತರಗತಿಯಲ್ಲಿ ತೂಕಡಿಸುತ್ತಾಳೆ. ಕೇಳಿದ್ದಕ್ಕೆ ಉತ್ತರ ಬರುವಾಗ ತಡವಾಗುತ್ತದೆ. ದಯವಿಟ್ಟು ಗಮನಿಸಿ.’

ಶನಿವಾರ ಮಧ್ಯಾಹ್ನ ವಿಜೇತಾ ಮಗಳನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದಳು. ಮಕ್ಕಳ ಡಾಕ್ಟರ್ ರಶೀನಾ ಮಾತ್ರೆಯ ಹಾಳೆಯನ್ನು ತಿರುಗಿಸಿ ಹೆಸರು ಓದಿದರು.

“ಕ್ಲೋರ್‌ಫೆನಿರಮೈನ್. ಇದು ನನ್ನ ಅಜ್ಜನ ಕಾಲದ್ದು. ಕೊಟ್ಟದ್ದು ಯಾರು?”

“ನನ್ನ ಅತ್ತೆ. ಅವರು ತಿನ್ನುವುದು ಅದೇ.”

“ಅಜ್ಜಿಯರು ಇಲ್ಲದಿದ್ರೆ ನಮಗೆ ಅರ್ಧ ಪೇಷಂಟು ಕಡಿಮೆ,” ಎಂದು ಡಾಕ್ಟರ್ ನಕ್ಕರು. ಆಮೇಲೆ ಪ್ರಾಪ್ತಿಯತ್ತ ತಿರುಗಿ ದೊಡ್ಡವರಿಗೆ ಹೇಳುವಂತೆ ಹೇಳಿದರು. “ನೋಡು, ಈ ಮಾತ್ರೆ ಮೂಗಿನ ಕೆಲಸಕ್ಕೆ ಅಂತ ಒಳಗೆ ಹೋಗ್ತದೆ. ಆದರೆ ಸೀದಾ ತಲೆಯ ಒಳಗೂ ಹೊಕ್ಕುಬಿಡ್ತದೆ. ಸೀನು ಬರಿಸುವ ವಸ್ತು ಯಾವುದೋ, ಅದೇ ತಲೆಯಲ್ಲಿ ನಮ್ಮನ್ನು ಎಚ್ಚರವಾಗಿ ಇಡುವುದು. ಅದನ್ನೂ ಇದು ತಡೀತದೆ. ಮತ್ತೆ ಎಚ್ಚರ ಎಲ್ಲಿಂದ ಬರ್ಬೇಕು?”

“ಹೊಸದು ತಲೆಗೆ ಹೋಗುದಿಲ್ವಾ?” ಎಂದು ಪ್ರಾಪ್ತಿ ಕೇಳಿದಳು.

“ಹೊಸದರಲ್ಲಿ ಕೆಲವು ಸ್ವಲ್ಪ ಹೋಗ್ತವೆ, ಕೆಲವರಿಗೆ ತೂಕಡಿಕೆ ಬರ್ತದೆ. ನಾನು ಬರೆಯುವ ಫೆಕ್ಸೊಫೆನಡಿನ್ ಹೆಚ್ಚುಕಡಿಮೆ ಹೋಗುವುದೇ ಇಲ್ಲ.”

“ಹಳೆಯದರಷ್ಟು ಬಲ ಉಂಟಾ ಮೇಡಂ ಇದಕ್ಕೆ?” ವಿಜೇತಾಳಿಗೆ ಮನೆಯಲ್ಲಿ ಉತ್ತರ ಹೇಳಬೇಕಾಗಿತ್ತು.

“ಸೀನಿಗೆ, ತುರಿಕೆಗೆ ಏನೂ ಕಡಿಮೆ ಇಲ್ಲ. ಹಳೆಯದು ನಾಲ್ಕಾರು ಗಂಟೆಯಲ್ಲಿ ಇಳೀತದೆ. ಇದು ತುಂಬ ಹೊತ್ತು ನಿಲ್ತದೆ. ಮೂಗು ಕಟ್ಟಿದ್ದಕ್ಕೆ ಮಾತ್ರ ಎರಡೂ ಅಷ್ಟಕ್ಕಷ್ಟೆ, ಅದಕ್ಕೆ ಸ್ಪ್ರೇ ಕೊಡ್ತೇನೆ. ಮತ್ತೆ, ಮಾತ್ರೆ ನೀರಿನಲ್ಲೇ ನುಂಗ್ಬೇಕು. ಹಣ್ಣಿನ ರಸದ ಒಟ್ಟಿಗೆ ತೆಗೆದುಕೊಂಡ್ರೆ ಇದು ಮೈಗೆ ಸರಿಯಾಗಿ ಸೇರುದಿಲ್ಲ. ಹಳೆಯದು ಇವತ್ತಿಗೇ ಬಂದ್. ಮೂರು ವಾರ ಬಿಟ್ಟು ಬನ್ನಿ.”

ಆ ಸಂಜೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತಾಗ ವಿಜೇತಾ ಹೊಸ ಮಾತ್ರೆಯ ಸಂಗತಿ ಹೇಳಿದಳು. ಕಾಂತಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ನಿದ್ದೆ ಬರುದೇ ಇಲ್ವಂತಾ?”

“ಬರುದಿಲ್ಲಂತೆ ಮಾಮಿ.”

“ನಿದ್ದೆ ಬಾರದ ಮದ್ದು ಎಂತ ಮದ್ದು? ಮೈಗೆ ನಾಟಿದ್ದು ಗೊತ್ತಾಗ್ಬೇಕಲ್ಲ.”

“ನಿನ್ನ ಲೆಕ್ಕದಲ್ಲಿ ಹಾಗಾದ್ರೆ ಕಳ್ಳಿನಷ್ಟು ಒಳ್ಳೆ ಮದ್ದು ಬೇರೆ ಇಲ್ಲ,” ಎಂದರು ಶೇಖರ.

“ನಿಮಗೆ ಅದು ನಾಟಿದ್ದು ಇಡೀ ಬೆಳುವಾಯಿಗೆ ಗೊತ್ತುಂಟು.”

ಜಿತೇಶನಿಗೆ ನಗುವಿನಲ್ಲಿ ಸಾರು ನೆತ್ತಿಗೆ ಹತ್ತಿತು. ಸೋಡಾ ಹೆಚ್ಚಾದ ಬನ್ಸ್ ಮಾತು ಆ ದಿನ ಯಾರೂ ಎತ್ತಲಿಲ್ಲ.

ಸೋಮವಾರದಿಂದ ಹೊಸ ಮಾತ್ರೆ. ವಿಜೇತಾ ಲೋಟದಲ್ಲಿ ನೀರು ಇಟ್ಟು, ಮಗಳು ನುಂಗುವುದನ್ನು ನೋಡಿಯೇ ಬಟ್ಟೆ ಒಣಗಿಸಲು ಹೋಗುತ್ತಿದ್ದಳು. ಅವಳು ಹಿತ್ತಿಲು ದಾಟಿದ ಮೇಲೆ ಕಾಂತಿ ಮೊಮ್ಮಗಳನ್ನು ಅಡುಗೆಮನೆಗೆ ಕರೆದರು. ಹಳೆಯ ಮಾತ್ರೆಯ ಅರ್ಧ ಚೂರನ್ನು ಚಮಚದ ಬೆನ್ನಿನಿಂದ ಪುಡಿ ಮಾಡಿ ಜೇನಿನಲ್ಲಿ ಕಲಸಿದರು.

“ಇದೂ ಒಂದು ಇರ್ಲಿ ಮಗಾ. ಹೊಸದಕ್ಕೆ ಒಂದು ಕೈ ಬಲ.”

“ಡಾಕ್ಟ್ರು ಬೇಡ ಅಂದಿದ್ದಾರೆ ಅಜ್ಜಿ.”

“ಡಾಕ್ಟ್ರಿಗೆ ನಿನ್ನ ಮೂಗು ಮೊನ್ನೆಯಿಂದ ಗೊತ್ತು. ನನಗೆ ನೀನು ಹುಟ್ಟಿದಂದಿನಿಂದ ಗೊತ್ತು. ಅಮ್ಮನಿಗೆ ಹೇಳ್ಬೇಡ, ಸುಮ್ಮನೆ ತಲೆಬಿಸಿ ಮಾಡ್ತಾಳೆ.”

ಪ್ರಾಪ್ತಿ ಚಮಚ ನೆಕ್ಕಿದಳು. ಅಜ್ಜಿ ಎಲೆಯಡಿಕೆಯ ಡಬ್ಬಿಯಿಂದ ಇನ್ನೊಂದು ಮಾತ್ರೆ ತೆಗೆದು ತಾವೂ ಬಾಯಿಗೆ ಹಾಕಿಕೊಂಡರು.

“ನೀನು ಎದ್ದ ಕೂಡಲೇ ಒಂದು ತಿಂದಿದ್ದಿಯಲ್ಲ ಅಜ್ಜಿ?”

“ಅದು ಹಾಸಿಗೆಯ ಸೀನಿಗೆ. ಇದು ರಸ್ತೆಯ ಧೂಳಿಗೆ.”

“ಸಂಜೆಯದ್ದು?”

“ಹಿಟ್ಟಿಗೆ.”

“ಮಲಗುವಾಗಿನದ್ದು?”

“ಅದು ಮಾಮೂಲಿ. ಹೋಗು, ಬಸ್ಸು ಬಂತು.”

ಅಜ್ಜಿಯ ಪಕ್ಕದಲ್ಲೇ ಮಲಗುವ ಪ್ರಾಪ್ತಿಗೆ ಮಾತ್ರ ಈ ಲೆಕ್ಕ ಗೊತ್ತಿತ್ತು. ರಸ್ತೆ ಅಗೆಯಲು ಶುರು ಮಾಡಿದ ಮೇಲೆ ಒಂದಿದ್ದದ್ದು ಎರಡಾಗಿ, ಎರಡಿದ್ದದ್ದು ನಾಲ್ಕಾಗಿತ್ತು. ಮೆಡಿಕಲ್ಲಿನ ನಿತ್ಯಾನಂದ ಕಾಂತಿಯಕ್ಕ ಕೇಳಿದ್ದನ್ನು ಏಕೆ ಏನು ಎನ್ನದೆ ಕಟ್ಟಿ ಕೊಡುತ್ತಿದ್ದರು.

ಗುರುವಾರ ಟೀಚರ್ ಫೋನನ್ನೇ ಮಾಡಿದರು. ಉಕ್ತಲೇಖನ ಬರೆಯುತ್ತಾ ಪ್ರಾಪ್ತಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದಳಂತೆ. ಮಧ್ಯಾಹ್ನ ಊಟಕ್ಕೆ ಬಂದ ಜಿತೇಶ್ ಕೈ ತೊಳೆಯುತ್ತಲೇ ಹೇಳಿದ.

“ನಿನ್ನ ಡಾಕ್ಟರ ಹೊಸ ಮದ್ದಿಗೂ ನಿದ್ದೆಯೇ. ಅಷ್ಟು ದೂರ ಹೋಗಿ ಬಂದದ್ದು ದಂಡ. ಅಮ್ಮ ಕೊಡುವುದೇ ಸಾಕಿತ್ತು.”

ಸಂಜೆ ವಿಜೇತಾ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ ಮೆಲ್ಲನೆ ಕೇಳಿದಳು.

“ಮಾತ್ರೆ ನೀರಲ್ಲೇ ನುಂಗುವುದಲ್ವಾ ಮಗಾ? ಶರಬತ್ತು ಎಲ್ಲ ಕುಡಿಯುದಿಲ್ಲ ತಾನೆ?”

“ಹೊಸದು ನೀರಲ್ಲಿ,” ಎಂದಳು ಪ್ರಾಪ್ತಿ ಅರೆಕಣ್ಣಿನಲ್ಲಿ. “ಹಳೆಯದು ಜೇನಿನಲ್ಲಿ.”

ಎಣ್ಣೆಯ ಕೈ ತಲೆಯ ಮೇಲೆಯೇ ನಿಂತಿತು.

ಕಾಂತಿ ಆಗ ಹಿಟ್ಟಿಗೆ ಬಾಳೆಹಣ್ಣು ಸುಲಿಯುತ್ತಿದ್ದರು. ವಿಜೇತಾ ಅತ್ತೆಯ ಎದುರು ಧ್ವನಿ ಏರಿಸಿದವಳಲ್ಲ. ಆ ದಿನವೂ ಏರಿಸಲಿಲ್ಲ, ಆದರೆ ನಿಂತುಕೊಂಡೇ ಮಾತಾಡಿದಳು.

“ಮಾಮಿ, ಡಾಕ್ಟ್ರು ಬೇಡ ಅಂದ ಮೇಲೂ ಕೊಟ್ಟದ್ದು ಯಾಕೆ?”

“ವಿಷ ಕೊಟ್ಟದ್ದಾ ನಾನು?”

“ವಿಷ ಅಂತ ನಾನು ಹೇಳಿದೆನಾ? ಶಾಲೆಯಲ್ಲಿ ಅವಳನ್ನು ಮಂದ ಅಂತ ಲೆಕ್ಕ ಹಾಕ್ತಾರೆ. ಹೋದ ವರ್ಷ ಕ್ಲಾಸಿಗೆ ಎರಡನೆಯವಳು.”

“ನಿನ್ನ ಗಂಡ ಅದೇ ಮಾತ್ರೆ ತಿಂದು ದೊಡ್ಡವನಾದದ್ದು.”

“ಅವರು ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತದ್ದೂ ಹೌದಲ್ಲ ಮಾಮಿ.”

ಚಾವಡಿಯಲ್ಲಿ ಪೇಪರು ಓದುತ್ತಿದ್ದ ಶೇಖರ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಪೇಪರು ಅಲುಗಾಡುತ್ತಿತ್ತು. ಕಾಂತಿ ನಗಲಿಲ್ಲ.

“ಆಯ್ತು. ಇನ್ನು ನಿನ್ನ ಮಗಳಿಗೆ ನಾನು ನೀರೂ ಕೊಡುದಿಲ್ಲ,” ಎಂದು ಬಾಳೆಹಣ್ಣಿನ ಸಿಪ್ಪೆಯನ್ನು ಬುಟ್ಟಿಗೆ ಎಸೆದರು. ಬಾಗಿಲಲ್ಲಿ ನಿಂತಿದ್ದ ಪ್ರಾಪ್ತಿಯನ್ನು ನೋಡಿ, “ಅಜ್ಜಿಯ ಮಾತು ಹೊರಗೆ ಹೇಳುವವಳಾ ನೀನು?” ಎಂದರು.

ಎರಡು ದಿನ ಅಜ್ಜಿ ಮೊಮ್ಮಗಳ ನಡುವೆ ಮಾತಿರಲಿಲ್ಲ. ಮೂರನೆಯ ದಿನ ಕಾಂತಿಯೇ ಕರೆದು ನೆಲಗಡಲೆ ಮಿಠಾಯಿ ಕೈಗಿಟ್ಟರು.

“ಕೋಪ ಇಲ್ಲ ಅಲ್ವಾ?”

“ನನಗಿಲ್ಲ. ನಿನಗೆ?”

“ನನಗೂ ಇಲ್ಲ. ಆದರೆ ಇನ್ನೊಂದು ಉಂಟು. ನಾನು ಎಷ್ಟು ತಿನ್ತೇನೆ ಅಂತ ಮನೆಯಲ್ಲಿ ಹೇಳ್ಬೇಡ. ನಿನ್ನ ಅಮ್ಮ ಡಬ್ಬಿ ಸಮೇತ ತೋಡಿಗೆ ಬಿಸಾಡ್ತಾಳೆ. ಸೀನುತ್ತಾ ಹಿಟ್ಟು ಬೆರೆಸ್ಲಿಕ್ಕೆ ಆಗ್ತದಾ? ಭಾಷೆ ಕೊಡು.”

ಪ್ರಾಪ್ತಿ ಮಿಠಾಯಿಯನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಅಜ್ಜಿಯ ಅಂಗೈ ಮೇಲೆ ಇಟ್ಟಳು.

ಹೊಸ ಮಾತ್ರೆ ಒಂದೇ ಆದ ಮೇಲೆ ಹುಡುಗಿ ವಾರದೊಳಗೆ ಬೇರೆಯೇ ಆದಳು. ಸೀನು ದಿನಕ್ಕೆ ಒಂದೋ ಎರಡೋ. ತುರಿಕೆ ಇಲ್ಲ. ಬಸ್ಸಿನಲ್ಲಿ ಬರುವಾಗ ಅಂಗಡಿಯ ಹಲಗೆಗಳನ್ನೆಲ್ಲ ಓದಿಕೊಂಡು ಬಂದು ಅವುಗಳ ತಪ್ಪು ಹೇಳುತ್ತಿದ್ದಳು. ಮೂಸಾ ಬ್ಯಾರಿಯ ಮೀನಿನ ಗಾಡಿ ಬಂದರೆ ಮೊದಲು ಓಡುವವಳು ಅವಳೇ. ಊಟಕ್ಕೆ ಕುಳಿತರೆ ಪ್ರಶ್ನೆ ನಿಲ್ಲುತ್ತಿರಲಿಲ್ಲ. ಬಂಗುಡೆಗೆ ನಿದ್ದೆ ಬರುವುದು ಹೇಗೆ, ಹೋಟೆಲಿನ ಚಹಾದ ಬಣ್ಣ ಮನೆಯ ಚಹಾಕ್ಕೆ ಯಾಕೆ ಬರುವುದಿಲ್ಲ.

“ಈಗ ಇವಳ ಬಾಯಿಗೆ ಒಂದು ಮಾತ್ರೆ ಬೇಕು,” ಎಂದರು ಶೇಖರ.

ವಿಜೇತಾ ನಕ್ಕು ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು. ಮನೆಯಲ್ಲಿ ಮಗಳ ಧ್ವನಿ ತುಂಬಿಕೊಂಡದ್ದು ಅವಳಿಗೆ ಕೆಲಸದ ನಡುವೆಯೂ ಹಿತವಾಗಿತ್ತು.

ಆದರೆ ಹಿಟ್ಟಿನ ಪಾತ್ರೆ ಸರಿಹೋಗಲಿಲ್ಲ. ಒಂದು ಬುಧವಾರ ಸಕ್ಕರೆಯೇ ಬೀಳಲಿಲ್ಲ. ಮತ್ತೊಂದು ದಿನ ಮೊಸರಿನ ಪಾತ್ರೆ ಹಾಗೆಯೇ ಫ್ರಿಜ್ಜಿನಲ್ಲಿ ಉಳಿದಿತ್ತು. ಹುಕ್ರಪ್ಪ ಸಂಜೆ ಮನೆಯ ಹಿಂಬಾಗಿಲಿಗೆ ಬಂದು ವಿಜೇತಾಳೊಡನೆ ತಗ್ಗಿದ ಧ್ವನಿಯಲ್ಲಿ ಹೇಳಿದರು.

“ಅಕ್ಕಾ, ನಾನು ಹೇಳಿದ್ದು ಅಂತ ಬೇಡ. ಸಕ್ಕರೆ ಇಲ್ಲದ ದಿನ ನಾನೇ ಲಟ್ಟಿಸುವಾಗ ಸ್ವಲ್ಪ ಹಾಕಿ ಸುಧಾರಿಸಿದೆ. ಜಿತೇಶಣ್ಣನಿಗೆ ಗೊತ್ತಾಗ್ಲಿಲ್ಲ. ಮೊನ್ನೆ ಕಾಂತಿಯಕ್ಕ ನನ್ನನ್ನು ‘ಬಾಬು’ ಅಂತ ಕರೆದ್ರು. ನನಗಿಂತ ಮೊದಲು ಹೋಟೆಲಲ್ಲಿ ಇದ್ದ ಬಾಬು ಸತ್ತು ಹತ್ತು ವರ್ಷ ಆಯ್ತು.”

ಶನಿವಾರ ಖಾಲಿ ಕಾವಲಿಯ ಕೆಳಗೆ ಗ್ಯಾಸ್ ಉರಿಯುತ್ತಲೇ ಇತ್ತು. ಹೊಗೆ ನೋಡಿ ವಿಜೇತಾ ಓಡಿಬಂದಳು. ಕಾಂತಿ ಪಕ್ಕದಲ್ಲೇ ಮಣೆಯ ಮೇಲೆ ಕುಳಿತು ಗೋಡೆಗೆ ಒರಗಿದ್ದರು.

“ಮಾಮಿ, ಗ್ಯಾಸ್.”

“ಆಫ್ ಮಾಡಿದ್ದೇನೆ.”

“ಇಲ್ಲ ಮಾಮಿ.”

ಕಾಂತಿ ಎದ್ದು ಬಂದು ಕೆಂಪಾದ ಕಾವಲಿಯನ್ನು ನೋಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಒಂದು ಚೊಂಬು ನೀರು ಪೂರ್ತಿ ಕುಡಿದರು. ಈಚೆಗೆ ಅವರ ಬಾಯಿ ಯಾವಾಗಲೂ ಒಣಗಿರುತ್ತಿತ್ತು.

ಜಿತೇಶ್ ಬೆಳ್ತಂಗಡಿಯ ಅಕ್ಕನಿಗೆ ಫೋನು ಮಾಡಿದ. ಅವಳ ಅತ್ತೆಗೂ ಮರೆವಿನ ರೋಗ ಶುರುವಾದದ್ದು ಹೀಗೆಯೇ, ಹೆಸರು ತಪ್ಪುವುದು, ಬೆಂಕಿ ಮರೆಯುವುದು. ಕೊನೆಗೆ ಮಗನ ಗುರುತೂ ಇರಲಿಲ್ಲ. “ಕಾಯ್ಬೇಡ, ಮಂಗಳೂರಿಗೆ ತೋರಿಸು. ಅಮ್ಮನನ್ನು ಬೆಂಕಿಯ ಹತ್ತಿರ ಬಿಡ್ಬೇಡ,” ಎಂದಳು. ಸ್ಪೀಕರಿನಲ್ಲಿದ್ದ ಫೋನು. ಮನೆಯವರೆಲ್ಲ ಕೇಳಿದರು. ಕಾಂತಿಯೂ ಕೇಳಿದರು.

ಆ ಭಾನುವಾರ ಹೋಟೆಲಿಗೆ ರಜೆ. ಕೋಳಿ ಸಾರು, ರೊಟ್ಟಿ. ಜಿತೇಶ್ ರೊಟ್ಟಿ ಮುರಿಯುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ.

“ಅಮ್ಮ, ಒಂದನೇ ತಾರೀಕಿನಿಂದ ಹಿಟ್ಟು ಬೆರೆಸ್ಲಿಕ್ಕೆ ಪುತ್ತಿಗೆಯಿಂದ ಒಬ್ಬರು ಬರ್ತಾರೆ. ಹೋಟೆಲಲ್ಲೇ ಬೆರೆಸ್ತಾರೆ.”

“ಹೆಂಗಸಾ?”

“ಹೌದು. ಮೂಡುಬಿದಿರೆಯಲ್ಲಿ ಕ್ಯಾಂಟೀನಿನಲ್ಲಿ ಇದ್ದವರು.”

“ಅಳತೆ ಹೇಗೆ ಅವರದ್ದು?”

“ತೂಕದ ಮೆಷಿನ್ ಇಡ್ತಾರೆ.”

“ಬಾಳೆಹಣ್ಣು ಒಂದೊಂದು ಗೊನೆಯದ್ದು ಒಂದೊಂದು ಹದ. ಮೆಷಿನಿಗೆ ಎಂತ ಗೊತ್ತು?” ಕಾಂತಿ ಜೋರು ಮಾಡಲಿಲ್ಲ. ತಿಳಿಸಿ ಹೇಳುವ ಹಾಗೆ ಹೇಳಿದರು.

“ನೀನು ಇಷ್ಟು ವರ್ಷ ದುಡಿದದ್ದು ಸಾಕು. ಇನ್ನು ಕೂತ್ಕೋ.”

“ಕೂತು ಎಂತ ಮಾಡ್ಲಿ?”

ಶೇಖರ ಹೆಂಡತಿಯ ತಟ್ಟೆಯತ್ತ ಸಾರಿನ ಪಾತ್ರೆ ಸರಿಸಿದರು. “ಅವಳು ಬೆರೆಸದ ಹಿಟ್ಟಿಗೆ ನನ್ನ ಹೋಟೆಲಲ್ಲಿ ಜಾಗ ಇಲ್ಲ ಅಂತ ಹೇಳುವವ ನಾನು,” ಎಂದರು ಮಗನಿಗೆ. “ಆದರೆ ನಿನ್ನೆ ಗ್ಯಾಸ್ ನೋಡಿ ನನಗೂ ಹೆದರಿಕೆ ಆಯ್ತು.”

“ಇಪ್ಪತ್ತಕ್ಕೆ ಮಂಗಳೂರಿನ ಡಾಕ್ಟರ್ ಹತ್ರ ಹೋಗುವ,” ಎಂದ ಜಿತೇಶ್. “ಮರೆವಿನವರನ್ನು ನೋಡುವ ಡಾಕ್ಟರ್.”

“ಪಪ್ಪ, ಒಂದು ಕೇಳ್ಲಾ?” ಎಂದಳು ಪ್ರಾಪ್ತಿ.

“ಕೇಳು.”

ಅಜ್ಜಿ ತಲೆಯೆತ್ತಿ ಅವಳನ್ನು ನೋಡಿದರು. ಕೋಪದ ನೋಟವಲ್ಲ, ಬೇಡಿಕೊಳ್ಳುವ ನೋಟ. ಪ್ರಾಪ್ತಿ ರೊಟ್ಟಿಯ ಅಂಚನ್ನು ಸಾರಿನಲ್ಲಿ ಮುಳುಗಿಸಿದಳು.

“ಎಂತ ಇಲ್ಲ. ಇನ್ನೊಂದು ರೊಟ್ಟಿ.”

“ದಿನಾ ನೂರು ಕೇಳುವವಳು ಇವತ್ತು ರೊಟ್ಟಿ ಕೇಳಿದಳು,” ಎಂದು ಶೇಖರ ಹಗುರ ಮಾಡಲು ನೋಡಿದರು. ವಿಜೇತಾ ಮಗಳ ಮುಖವನ್ನು ಒಂದು ಗಳಿಗೆ ನೋಡಿ ರೊಟ್ಟಿ ಹಾಕಿದಳು. ಹೊಟ್ಟೆ ತುಂಬಿದವಳ ಹಾಗೆ ಪ್ರಾಪ್ತಿ ಅದನ್ನು ತಿನ್ನದೆ ಬಿಟ್ಟಳು.

ಆ ವಾರವಿಡೀ ಮಗು ಅಮ್ಮನ ಹಿಂದೆ ಮುಂದೆ ಸುಳಿಯಿತು. ಅಕ್ಕಿ ಆರಿಸುವಾಗ ಬಂದು ಕುಳಿತಳು. “ಅಮ್ಮ, ಭಾಷೆ ಕೊಟ್ಟದ್ದನ್ನು ಮುರಿದ್ರೆ ಎಂತ ಆಗ್ತದೆ?” ಎಂದಳು.

“ಯಾರಿಗೆ ಕೊಟ್ಟದ್ದು?”

“ಸುಮ್ಮನೆ ಕೇಳಿದ್ದು.”

“ಕೊಟ್ಟದ್ದರಿಂದ ಒಬ್ಬರಿಗೆ ಕೆಟ್ಟದಾಗುವುದಾದ್ರೆ ಮುರಿಯಬಹುದು ಮಗಾ. ಆದರೆ ಅವರ ಬೆನ್ನ ಹಿಂದೆ ಅಲ್ಲ.” ವಿಜೇತಾ ಮೊರದಲ್ಲಿ ಕಲ್ಲು ಹುಡುಕುತ್ತಾ ಹೇಳಿದಳು. ಶಾಲೆಯ ಗೆಳತಿಯರ ಜಗಳ ಇರಬೇಕೆಂದುಕೊಂಡಳು. ಕೇಳಿ ತೆಗೆಯುವ ಅಭ್ಯಾಸ ಅವಳಿಗಿರಲಿಲ್ಲ. ಬಂದಾಗ ಹೇಳುತ್ತಾಳೆ ಎಂದು ಬಿಟ್ಟಳು.

ಶನಿವಾರ ಪ್ರಾಪ್ತಿಯನ್ನು ಮತ್ತೆ ಡಾಕ್ಟರಿಗೆ ತೋರಿಸುವ ದಿನ. ಕಾಂತಿ ತಾನೂ ಬರುತ್ತೇನೆಂದು ಹಸಿರು ಸೀರೆ ಉಟ್ಟು ಹೊರಟು ನಿಂತಿದ್ದರು.

“ಮನೆಯಲ್ಲಿ ಕೂತ್ಕೊಳ್ಲಿಕ್ಕೆ ಒಂದನೇ ತಾರೀಕಿನ ಮೇಲೆ ಬೇಕಾದಷ್ಟು ಪುರುಸೊತ್ತುಂಟು. ಇವತ್ತು ಮೂಡುಬಿದಿರೆಯಲ್ಲಿ ಒಂದು ಐಸ್‌ಕ್ರೀಮ್ ತಿನ್ನುವ,” ಎಂದರು.

ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಅಗೆದ ರಸ್ತೆಯ ಧೂಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ಕಾಂತಿ ಸೆರಗಿನ ಗಂಟು ಬಿಚ್ಚಿ ಮಾತ್ರೆಯೊಂದನ್ನು ನೀರಿಲ್ಲದೆಯೇ ನುಂಗಿದ್ದನ್ನು ನಡುವೆ ಕುಳಿತ ಪ್ರಾಪ್ತಿ ನೋಡಿದಳು. ಆಚೆ ಕುಳಿತ ವಿಜೇತಾ ಚಿಲ್ಲರೆಗಾಗಿ ಪರ್ಸು ಹುಡುಕುತ್ತಿದ್ದಳು.

ಡಾಕ್ಟರ್ ರಶೀನಾ ಪ್ರಾಪ್ತಿಯ ಮೂಗಿಗೆ ಬೆಳಕು ಬಿಟ್ಟು ನೋಡಿದರು, ಮೊಣಕೈ ನೋಡಿದರು.

“ಚೆನ್ನಾಗಿದೆ. ಈಗ ಶಾಲೆಯಲ್ಲಿ ಹೇಗೆ?”

“ನಿದ್ದೆ ಬರುದಿಲ್ಲ.”

“ಮೊದಲು ಹೇಗಿತ್ತು? ನೀನೇ ಹೇಳು ನೋಡುವ.”

ಪ್ರಾಪ್ತಿ ಯೋಚಿಸಿ, ಒಂದೊಂದೇ ಹೇಳಿದಳು. “ಬಾಯಿ ಒಣಗ್ತಿತ್ತು. ಓದಿದ ಸಾಲನ್ನೇ ಮತ್ತೆ ಓದ್ತಿದ್ದೆ. ನೀರಿನ ಬಾಟ್ಲಿ ಎಲ್ಲಿಟ್ಟದ್ದು ಅಂತ ಮರೀತಿತ್ತು. ಒಂದು ದಿನ ನನ್ನ ಹಾಜರಿ ಆದ ಮೇಲೂ ಇನ್ನೊಬ್ಬಳ ಹೆಸರಿಗೆ ‘ಬಂದಿದ್ದೇನೆ ಟೀಚರ್’ ಅಂದೆ. ಎಲ್ಲ ನಗಾಡಿದ್ರು.”

“ಈಗ?”

“ಈಗ ಹಾಗೆ ಎಂತ ಇಲ್ಲ.”

“ಒಳ್ಳೆಯದು. ಧೂಳು ಇರುವಷ್ಟು ದಿನ ಇದನ್ನೇ ಮುಂದುವರಿಸುವ.” ಡಾಕ್ಟರ್ ಚೀಟಿ ಬರೆಯುತ್ತಾ ಕಾಂತಿಯನ್ನು ನೋಡಿ ನಕ್ಕರು. “ಅಜ್ಜಿಯೂ ಬಂದಿದ್ದೀರಿ. ಅರ್ಧ ಮಾತ್ರೆಯ ಡಾಕ್ಟ್ರು ನೀವೇ ಅಲ್ವಾ?”

“ನಾನೇ,” ಎಂದರು ಕಾಂತಿ. “ನನ್ನ ಡಾಕ್ಟರಿಕೆ ಈಗ ಬಂದ್ ಆಗಿದೆ. ಹೋಟೆಲಿನ ಕೆಲಸವೂ ಬಂದ್. ನನಗೂ ಇಪ್ಪತ್ತಕ್ಕೆ ಮಂಗಳೂರಿನ ದೊಡ್ಡ ಡಾಕ್ಟ್ರು ಉಂಟಂತೆ, ಮರೆವಿಗೆ.” ನಗುತ್ತಲೇ ಹೇಳಿದರೂ ಕೊನೆಯ ಮಾತು ಅಷ್ಟು ಗಟ್ಟಿಯಾಗಿ ಬರಲಿಲ್ಲ.

“ಹೌದಾ? ಯಾವಾಗಿಂದ?”

“ಒಂದು ತಿಂಗಳಿಂದ ಮೇಡಂ,” ಎಂದಳು ವಿಜೇತಾ. “ಸೋಡಾ ಎರಡು ಸಲ ಹಾಕುವುದು, ಗ್ಯಾಸ್ ಮರೆಯುವುದು. ಮೊದಲು ಹೀಗೆ ಇರ್ಲಿಲ್ಲ.”

“ಬೇರೆ ಮದ್ದು ಏನಾದ್ರೂ ತೆಗೆದುಕೊಳ್ತೀರಾ ಅಜ್ಜಿ?”

“ಬಿಪಿಯದ್ದು ಇಲ್ಲ, ಸಕ್ಕರೆಯದ್ದೂ ಇಲ್ಲ. ಸೀನಿಗೆ ಮಲಗುವಾಗ ಒಂದು, ಅಷ್ಟೆ,” ಎಂದರು ಕಾಂತಿ. ಎದ್ದು ನಿಂತು ಮೊಮ್ಮಗಳ ಕೈ ಹಿಡಿದರು. “ನಡಿ ಮಗಾ. ಐಸ್‌ಕ್ರೀಮ್.”

ವಿಜೇತಾ ಚೀಟಿ ಮಡಚಿ ಪರ್ಸಿಗೆ ಹಾಕಿದಳು. ಪ್ರಾಪ್ತಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಅಜ್ಜಿಯ ಕೈಯನ್ನೂ ಬಿಡಲಿಲ್ಲ. ಇನ್ನೊಂದು ಕೈಯನ್ನೂ ಅದರ ಮೇಲೆ ಇಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರನ್ನು ನೋಡಲಿಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಾ ಕೇಳಿದಳು.

“ಡಾಕ್ಟ್ರೇ, ದಿನಕ್ಕೆ ಅರ್ಧ ತಿಂದ ನನಗೇ ಅಷ್ಟು ಮರೀತಿತ್ತಲ್ಲ, ಅದೇ ಮಾತ್ರೆ ದಿನಕ್ಕೆ ನಾಲ್ಕು ತಿನ್ನುವ ನನ್ನ ಅಜ್ಜಿಗೆ ಮರೆವು ಬಂದದ್ದೂ ಅದರಿಂದಲೇ ಇರ್ಬಹುದಾ?”